ಅವರು ಕರೆಯಲಿಲ್ಲ, ನಮ್ಮವರೇ ಹೋದರು

ಪೋಸ್ಟ್ ಉದ್ದ ಇದೆ. ಬಿಡುವಾದಾಗ ಓದಿ, ಆದರೆ ಪೂರ್ತಿ ಓದಿ.

2025ರಲ್ಲಿ ಜಾತಿ ಸಮೀಕ್ಷೆ ನಡೆದಾಗ ನಾನು ಬೀದರ್ ಕಡೆಯ ನಮ್ಮ ದೊಡ್ಡವ್ವನ ಮನೆಯಲ್ಲಿದ್ದೆ. ಮೇಷ್ಟ್ರೊಬ್ಬರು ಮೊಬೈಲ್ ಹಿಡ್ಕೊಂಡು ಬಂದರು. ಪಾಪ, ಬಿಸಿಲಲ್ಲಿ ಬೆಳಗ್ಗೆಯಿಂದ ಕೇರಿ ಸುತ್ತಿ ಸುಸ್ತಾಗಿದ್ದರು. ಧರ್ಮ ಯಾವುದು ಅಂದ್ರು. "ಏಸಪ್ಪನ ಮಂದಿ" ಅಂದಳು ದೊಡ್ಡವ್ವ. ಜಾತಿ? "ಮಾದಿಗರು." ಮೇಷ್ಟ್ರು ತಲೆ ಎತ್ತಿ ನೋಡಿ, "ಎರಡರಾಗ ಒಂದು ಹೇಳ್ರಿ ಅವ್ವಾ" ಅಂದ್ರು.

ದೊಡ್ಡವ್ವ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ಗೌಡರ ಬಾವಿ ಕಡಿಗಿ ಹೋದ್ರ ನಾ ಮಾದಿಗಿತ್ತಿ. ಐತಾರ ಗುಡಿಗಿ ಹೋದ್ರ ಏಸಪ್ಪನ ಮಗಳು. ಹೋಗಾಕಿ ಒಬ್ಬಾಕಿನೇ ಅದೀನಿ ತಮ್ಮಾ. ಎರಡೂ ಬರಿ."

ಅದೇ ದಿನಗಳಲ್ಲಿ, ಜಾತಿ ಹೆಸರಿನ ಮುಂದೆ 'ಕ್ರಿಶ್ಚಿಯನ್' ಅಂತ ಸೇರಿಸಿದ ಹೆಸರುಗಳು ಸಮೀಕ್ಷೆಯ ಪಟ್ಟಿಯಲ್ಲಿ ಯಾಕಿವೆ ಅಂತ ರಾಜ್ಯದಲ್ಲೆಲ್ಲ ಗದ್ದಲ ಎದ್ದಿತ್ತು ನೆನಪಿದೆಯಲ್ಲ. ಗದ್ದಲ ಮಾಡಿದವರು ಯಾರು, ಯಾಕೆ ಮಾಡಿದರು ಅನ್ನೋದು ನಮಗೆಲ್ಲ ಗೊತ್ತು. ಆದರೆ ಆ ಸಂಜೆ ನಮ್ಮದೇ ವಾಟ್ಸಾಪ್ ಗುಂಪಿನಲ್ಲಿ, ನಮ್ಮದೇ ಹುಡುಗ, ನೀಲಿ ಬಾವುಟ ಹಿಡಿದು ಬೆಳೆದ ಹುಡುಗ, ಒಂದು ಮಾತು ಹಾಕಿದ: "ಅಕ್ಕಿಗೂ ಹಾಲಿನ ಪುಡಿಗೂ ಮತ ಬಿಟ್ಟವರು ಈಗ ನಮ್ಮ ತಟ್ಟೆಗೆ ಕೈ ಹಾಕ್ತಾರೆ." ಹತ್ತು ಜನ ಲೈಕ್ ಒತ್ತಿದ್ದರು. ಈ ಪೋಸ್ಟ್ ಆ ಹುಡುಗನಿಗೆ. ಜೊತೆಗೆ, ಪೀಠದ ಮೇಲೆ ನಿಂತು "ನಾವು ಬಂದು ನಿಮ್ಮನ್ನು ಕತ್ತಲೆಯಿಂದ ಎತ್ತಿದೆವು" ಅಂತ ಬೋಧನೆ ಮಾಡುವ ಅಯ್ಯನವರಿಗೂ.

ನನ್ನ ಬಗ್ಗೆ ಒಂದು ಮಾತು, ಆಮೇಲೆ ತಕರಾರು ಬೇಡ. ನಮ್ಮವ್ವ ಹುಟ್ಟಿದ್ದು ಸಭೆಯ ಮನೆಯಲ್ಲಿ, ಸೇರಿದ್ದು ಸಭೆಗೆ ಹೋಗದ ಮನೆಗೆ. ನಾನು ಬುದ್ಧವಿಹಾರಕ್ಕೆ ಹೋಗುವವನು. ಯಾರನ್ನೂ ಯಾವ ಮತಕ್ಕೂ ಕರೆಯೋದು ನನ್ನ ಕೆಲಸ ಅಲ್ಲ. ನನ್ನ ತಕರಾರು ಚರಿತ್ರೆ ಹೇಳೋ ರೀತಿ ಬಗ್ಗೆ. 'ಆಮಿಷ ಒಡ್ಡಿದರು' ಅನ್ನುವವರ ಕಥೆಯಲ್ಲೂ, 'ಉದ್ಧಾರ ಮಾಡಿದೆವು' ಅನ್ನುವವರ ಕಥೆಯಲ್ಲೂ ಕೆಲಸ ಮಾಡುವವನು ಪಾದ್ರಿ. ನಮ್ಮ ಹಿರೀಕರು ಬರೀ ಕೈ ಚಾಚಿದವರು. ನಡೆದದ್ದು ಹಾಗಲ್ಲ. ನಮ್ಮವರು ಹೋಗಿ ಬಾಗಿಲು ತಟ್ಟಿದರು. ಒಳಗಿದ್ದವರಿಗೆ ಅದು ಕೇಳಿಸೋಕೆ ಬಹಳ ವರ್ಷ ಹಿಡಿಯಿತು. ಕೆಲವು ಕಡೆ ಇನ್ನೂ ಕೇಳಿಸಿಲ್ಲ.

ಮೊದಲಿಂದ ನೋಡೋಣ. ಇಟಲಿಯ ಜೆಸ್ವಿಟ್ ಪಾದ್ರಿ ರಾಬರ್ಟೊ ದೆ ನೊಬಿಲಿ 1606ರಲ್ಲಿ ಮದುರೆಗೆ ಬಂದ. ಅಲ್ಲಿ ಆಗಲೇ ಫರ್ನಾಂಡಿಸ್ ಅನ್ನೋ ಪೋರ್ಚುಗೀಸ್ ಪಾದ್ರಿ ಇದ್ದ. ಅವನ ಹತ್ತಿರ ಬರುತ್ತಿದ್ದವರು ಕರಾವಳಿಯ ಪರವರು, ಸಮುದ್ರದ ಜನ. ನೊಬಿಲಿ ಏನು ಮಾಡಿದ? ಫರ್ನಾಂಡಿಸನಿಂದ ದೂರ ಬೇರೆ ಮನೆ ಮಾಡಿದ, ಕಾವಿ ಉಟ್ಟ, ಮಾಂಸ ಬಿಟ್ಟ, ಬ್ರಾಹ್ಮಣ ಅಡುಗೆಯವರನ್ನು ಇಟ್ಟುಕೊಂಡ, ಸಂಸ್ಕೃತ ಕಲಿತ. ಅವನ ವಿದ್ವತ್ತು ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಅವನು ಮದುರೆಯಲ್ಲಿ ಯಾರ ಮಾತಿಗೆ ಕಿವಿ ಕೊಟ್ಟ ಅನ್ನೋದು ಅವನ ಅಡುಗೆಮನೆ ನೋಡಿದರೆ ಗೊತ್ತಾಗುತ್ತೆ. 1623ರಲ್ಲಿ ಪೋಪ್ ಹದಿನೈದನೇ ಗ್ರೆಗರಿ ಈ ಪದ್ಧತಿಗೆ ಒಪ್ಪಿಗೆ ಕೊಟ್ಟ. ಜನಿವಾರ, ಗಂಧ, ಜುಟ್ಟು ಎಲ್ಲಾ ಇಟ್ಟುಕೊಂಡೇ ಕ್ರೈಸ್ತರಾಗಬಹುದು ಅಂತ. ಮೇಲ್ಜಾತಿಗೆ ಒಂದು ಥರದ ಸ್ವಾಮಿಗಳು. ಕೆಳಗಿನವರಿಗೆ 'ಪಂಡಾರಸ್ವಾಮಿ' ಅನ್ನೋ ಇನ್ನೊಂದು ಥರದವರು. ಹದಿನೇಳನೇ ಶತಮಾನದ ನಡುವೆ ಚಿನ್ನಾಮಿ ಅನ್ನೋ ಜೆಸ್ವಿಟ್ ಪಾದ್ರಿ ನಮ್ಮ ಶ್ರೀರಂಗಪಟ್ಟಣಕ್ಕೆ ತಂದದ್ದೂ ಇದೇ ಕಾವಿ ಪದ್ಧತಿ.

ಅಂದರೆ ಈ ಮಣ್ಣಿನಲ್ಲಿ ಸಭೆ ಮೊದಲು ಕಲಿತ ಭಾಷೆ ಜಾತಿಯ ಭಾಷೆ.

ರೋಮಿನಿಂದ ಪುದುಚೇರಿಗೆ ಬಂದಿದ್ದ ದೆ ತೂರ್ನೊನ್ ಅನ್ನೋ ಪ್ರತಿನಿಧಿ 1704ರಲ್ಲಿ ಒಂದು ಆಜ್ಞೆ ಹೊರಡಿಸಿದ. ಅದರಲ್ಲಿ ಒಂದು ಕಲಮು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ. ಕಾಯಿಲೆ ಬಿದ್ದ ಪರಯರ ಮನೆಗೆ ಹೋಗಿ ಕೊನೆಯ ಸಂಸ್ಕಾರ ಕೊಡಲು ಪಾದ್ರಿಗಳು ನಿರಾಕರಿಸಬಾರದು ಅಂತ ಆ ಕಲಮು. ಅರ್ಥ ಆಯ್ತಲ್ಲ? ಹೀಗೊಂದು ಆಜ್ಞೆ ಬೇಕಾಯ್ತು ಅಂದರೆ, ಅಲ್ಲಿಯವರೆಗೆ ಸಾಯುತ್ತಿರುವ ಕ್ರೈಸ್ತನ ಗುಡಿಸಲೊಳಗೆ ಕ್ರೈಸ್ತ ಪಾದ್ರಿ ಕಾಲಿಡುತ್ತಿರಲಿಲ್ಲ. ಸಾಯುವವನನ್ನು ಹೊರಗೆ ಹೊತ್ತು ತರಬೇಕಿತ್ತು. ಈ ಆಜ್ಞೆಯ ಮೇಲೆ 40 ವರ್ಷ ಜಗಳ ನಡೆಯಿತು. ಕೊನೆಗೆ 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಕಾಲದಲ್ಲಿ ತೀರ್ಮಾನ ಆಯ್ತು. ಏನು ಗೊತ್ತಾ? ಪರಯರಿಗೆ ಅಂತಲೇ ಬೇರೆ ಪಾದ್ರಿಗಳನ್ನು ನೇಮಿಸೋದು. ನಮ್ಮ ಸರ್ಕಾರಗಳು ಊರ ಬಾವಿ ತೆರೆಸೋ ಬದಲು ಕೇರಿಗೆ ಬೇರೆ ಬೋರ್‌ವೆಲ್ ಹಾಕಿಸ್ತಾವಲ್ಲ, ಹಾಗೆ.

ಪ್ರಾಟೆಸ್ಟೆಂಟರು ಇದಕ್ಕಿಂತ ಬಿಗಿಯಾಗಿದ್ದರು, ಕನಿಷ್ಠ ಕಾಗದದ ಮೇಲೆ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯಲ್ಲಿ ಜಾತಿಭೇದ ಕೂಡಲೇ ಹೋಗಬೇಕು ಅಂತ ಪತ್ರ ಬರೆದ. ಒಟ್ಟಿಗೆ ಕೂರಬೇಕು, ಒಂದೇ ಬಟ್ಟಲಿನಿಂದ ಕರ್ತನ ಭೋಜನದ ದ್ರಾಕ್ಷಾರಸ ಕುಡಿಯಬೇಕು. ತಂಜಾವೂರು, ವೇಪೇರಿಯ ವೆಳ್ಳಾಳ ಕ್ರೈಸ್ತರು ಏನು ಮಾಡಿದರು? ಸಭೆಯನ್ನೇ ಬಿಟ್ಟು ಎದ್ದು ನಡೆದರು. ದೊಡ್ಡ ಕವಿ ಅಂತ ಹೆಸರಾದ ವೇದನಾಯಗಂ ಶಾಸ್ತ್ರಿ ಅವರ ಪರವಾಗಿ ನಿಂತ. ಜಾತಿಯ ಬಗ್ಗೆ ಮೆತ್ತಗಿದ್ದ ಲೈಪ್‌ಜಿಗ್ ಲೂಥರನ್ ಮಿಷನ್ ಎಷ್ಟೋ ಜನರಿಗೆ ಜಾಗ ಕೊಟ್ಟಿತು. ಬಟ್ಟಲು ಒಂದಾದರೆ ದೇವರೂ ಬೇಡ, ಅದು ಅವರ ಲೆಕ್ಕ.

ಈ ಎರಡೂವರೆ ನೂರು ವರ್ಷದ ಜಗಳದಲ್ಲಿ ಒಂದು ವಿಚಿತ್ರ ಗಮನಿಸಿ. ಪೋಪ್ ಮಾತಾಡಿದ್ದಾನೆ, ಬಿಷಪ್ ಮಾತಾಡಿದ್ದಾನೆ, ವೆಳ್ಳಾಳರು ಅರ್ಜಿ ಮೇಲೆ ಅರ್ಜಿ ಬರೆದಿದ್ದಾರೆ. ಯಾರ ಬಗ್ಗೆ ಈ ಜಗಳವೋ ಆ ಪರಯರ ಮಾತು ಕಡತದಲ್ಲಿ ಇಲ್ಲವೇ ಇಲ್ಲ ಅನ್ನೋವಷ್ಟು ಕಡಿಮೆ. ನಿಮ್ಮನ್ನ ಕೂರಿಸಿಕೊಂಡು "ಏನಪ್ಪಾ, ನಿನಗೇನು ಬೇಕು?" ಅಂತ ಯಾರೂ ಕೇಳಿಲ್ಲ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಆಂಧ್ರದ ಒಂಗೋಲು.

ಅಮೆರಿಕದ ಬ್ಯಾಪ್ಟಿಸ್ಟರು ತೆಲುಗು ನಾಡಿನಲ್ಲಿ ಕೆಲಸ ಶುರು ಮಾಡಿದ್ದು 1830ರ ದಶಕದಲ್ಲಿ, ನೆಲ್ಲೂರಿನಲ್ಲಿ ನೆಲೆ ನಿಂತಿದ್ದು 1840ರಲ್ಲಿ. ಇಪ್ಪತ್ತೈದು ವರ್ಷ ಸಂತೆಯಲ್ಲಿ ಕೂಗಿದರು, ಕರಪತ್ರ ಹಂಚಿದರು, ಮೇಲ್ಜಾತಿಯವರ ಜೊತೆ ವಾದ ಮಾಡಿದರು. ಬಂದವರು ಬೆರಳೆಣಿಕೆ. ಅಮೆರಿಕದಲ್ಲಿ ಕೂತವರು ಇದನ್ನ ಮುಚ್ಚೋಣ ಅಂತ ಮತ್ತೆ ಮತ್ತೆ ಯೋಚಿಸಿದರು. ಆಮಿಷ ಒಡ್ಡಿ ಜನ ಸೇರಿಸಿದರು ಅಂತಾರಲ್ಲ, ಈ ಇಪ್ಪತ್ತೈದು ವರ್ಷ ಆ ಆಮಿಷ ಎಲ್ಲಿ ಹೋಗಿತ್ತು?

ಆಮೇಲೆ ಎರ್ರಗುಂಟ್ಲ ಪೇರಯ್ಯ ಬಂದ.

ಪೇರಯ್ಯ ತಾಳ್ಳಕೊಂಡಪಾಡು ಅನ್ನೋ ಹಳ್ಳಿಯ ಮಾದಿಗ. ಚರ್ಮದ ವ್ಯಾಪಾರಿ. ತೊಗಲಿನ ಹೊರೆ ಹೊತ್ತು ಊರೂರು ತಿರುಗುವವನು, ಹಾಗಾಗಿ ಲೋಕ ಕಂಡವನು. ಇನ್ನೊಂದು ಮುಖ್ಯ ವಿಷಯ: ಅವನು ದೇವರ ವಿಷಯದಲ್ಲಿ ಖಾಲಿ ತಲೆಯವನಲ್ಲ. ಆ ಭಾಗದ ಮಾದಿಗರಲ್ಲಿ ರಾಜಯೋಗದ ಗುರುಪರಂಪರೆ ಇತ್ತು. ವಿಗ್ರಹ ಬೇಡ, ಒಬ್ಬನೇ ದೇವರು, ಒಳಗೇ ಇದಾನೆ ಅನ್ನೋ ದಾರಿ. ಪೇರಯ್ಯ ಅದರಲ್ಲಿ ಪಳಗಿದವನು, ಅವನಿಗೇ ಶಿಷ್ಯರಿದ್ದರು. ನಮ್ಮ ಕಡೆಯ ತತ್ವಪದಕಾರರು, ಆರೂಢರು ನೆನಪಾಗ್ತಾರೆ ಅಲ್ವಾ? ಅವನು ವ್ಯಾಪಾರಕ್ಕೆ ಹೋದ ಕಡೆ ಏಸುವಿನ ಸುದ್ದಿ ಕೇಳಿದ, ತಾನೇ ಹುಡುಕಿಕೊಂಡು ಹೋದ, 1866ರಲ್ಲಿ ಹೆಂಡತಿ ನಾಗಮ್ಮನ ಜೊತೆ ದೀಕ್ಷಾಸ್ನಾನ ತಗೊಂಡ. ವಾಪಸ್ ಊರಿಗೆ ಹೋದ. ಮಿಷನ್ ಬಂಗಲೆಯ ಕಾಂಪೌಂಡಿನಲ್ಲಿ ಆಳಾಗಿ ಉಳಿಯಲಿಲ್ಲ. ಚರ್ಮ ಮಾರುತ್ತಾ, ಚಪ್ಪಲಿ ಹೊಲಿಯುವವರ ಪಕ್ಕ ಕೂತು, ತನ್ನ ನೆಂಟರಿಗೆ ತನ್ನ ಮಾತಲ್ಲಿ ಹೇಳಿದ.

ಅದೇ ವರ್ಷ ಒಂಗೋಲಿಗೆ ಬಂದ ಜಾನ್ ಕ್ಲಫ್ ಅನ್ನೋ ಯುವ ಪಾದ್ರಿಗೆ, "ನಮ್ಮೂರಿಗೆ ಬನ್ನಿ, ಜನ ಕಾಯ್ತಿದ್ದಾರೆ" ಅಂತ ಹೇಳಿಕಳಿಸಿದವನು ಪೇರಯ್ಯ. 1867ರ ಜನವರಿಯಲ್ಲಿ ಕ್ಲಫ್ ಹೋದಾಗ ಸುತ್ತಲ ಹಳ್ಳಿಗಳ ಮಾದಿಗರು ಬುತ್ತಿ ಕಟ್ಟಿಕೊಂಡು ಬಂದು ಹುಣಸೆ ತೋಪಿನಲ್ಲಿ ಕೂತಿದ್ದರು. ಬುತ್ತಿ ಅವರದೇ. ಕೆಲವು ದಿನ ಅಲ್ಲೇ ಉಳಿದು ಕೇಳಿದರು, ಪ್ರಶ್ನೆ ಹಾಕಿದರು. ಕೊನೆಗೆ 28 ಜನ ದೀಕ್ಷಾಸ್ನಾನ ತಗೊಂಡರು. ಅಕ್ಕಿ ಅಂದೆಯಲ್ಲಪ್ಪಾ, ಇಲ್ಲಿ ನೋಡು, ಅನ್ನ ನಮ್ಮವರದೇ.

ಆಗ ಒಂಗೋಲಿನಲ್ಲಿ ಏನಾಯ್ತು? ಕ್ಲಫ್ ಹತ್ತಿರ ಮೇಲ್ಜಾತಿಯವರೂ ಬಂದು ಹೋಗಿ ಮಾಡ್ತಿದ್ದರು, ಅವರ ಮಕ್ಕಳು ಶಾಲೆಗೆ ಬರ್ತಿದ್ದರು. ಎಲ್ಲ ಮಿಷನರಿಗಳ ಕನಸೂ ಅದೇ ಇತ್ತು: ಮೊದಲು ಬ್ರಾಹ್ಮಣ ಬರಲಿ, ಅವನ ಹಿಂದೆ ಉಳಿದವರು ಬರ್ತಾರೆ. ಮಾದಿಗರು ಬಂದದ್ದೇ ತಡ, ಮೇಲ್ಜಾತಿಯವರು ನೇರವಾಗಿ ಹೇಳಿದರು, ಇವರನ್ನ ಸೇರಿಸಿದರೆ ನಾವು ಬರಲ್ಲ. ಹುಡುಗರನ್ನ ಶಾಲೆ ಬಿಡಿಸಿದರು. ಕ್ಲಫ್ ತಾನೇ ಆಮೇಲೆ ಹೇಳಿಕೊಂಡ ಪ್ರಕಾರ, ಏನು ಮಾಡಬೇಕೋ ತೋಚದೆ ಅವನೊಂದು ಕಡೆ, ಅವನ ಹೆಂಡತಿ ಇನ್ನೊಂದು ಕಡೆ ಸತ್ಯವೇದ ತೆರೆದರಂತೆ. ಇಬ್ಬರಿಗೂ ಪೌಲನ ಕೊರಿಂಥದ ಪತ್ರದ ಒಂದೇ ಭಾಗ ಸಿಕ್ಕಿತಂತೆ, ದೇವರು ಕುಲವಂತರನ್ನಲ್ಲ, ಲೋಕ ತುಚ್ಛವಾಗಿ ಕಂಡವರನ್ನೇ ಆರಿಸಿಕೊಂಡ ಅನ್ನೋ ಭಾಗ. ಸಭೆಗಳಲ್ಲಿ ಈ ಕಥೆಯನ್ನ ಪವಾಡ ಅಂತ ಹೇಳ್ತಾರೆ. ಇರಲಿ. ನನಗೆ ಕಾಣೋದು ಬೇರೆ. ಪುಸ್ತಕ ಆ ಪುಟಕ್ಕೆ ತೆರೆಯುವ ಮೊದಲೇ, ಹೊರಗೆ ಪೇರಯ್ಯನ ಜನ ಬಂದು ನಿಂತಾಗಿತ್ತು. ಅವರು ಬರದೇ ಇದ್ದಿದ್ದರೆ ಆ ಪುಟದ ಅರ್ಥ ಹೊಳೆಯುತ್ತಲೇ ಇರಲಿಲ್ಲ.

ಸೇರಿದವರಿಗೆ ಮುಖ್ಯವಾಗಿ ಮೂರು ಕಟ್ಟಳೆ ಇದ್ದವು. ಭಾನುವಾರ ಕೆಲಸ ಮಾಡಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹ ಪೂಜಿಸಬಾರದು. ಓದಲಿಕ್ಕೆ ಬರೀ ಮಡಿವಂತಿಕೆ ಥರ ಕಾಣುತ್ತೆ. ಆದರೆ ಹಳ್ಳಿಯ ಲೆಕ್ಕದಲ್ಲಿ ನೋಡಿ. ಭಾನುವಾರ ಕೆಲಸ ಇಲ್ಲ ಅಂದರೆ, ಕರೆದಾಗ ಬರುವ ಜೀತದಾಳು ವಾರಕ್ಕೊಂದು ದಿನ ಬರಲ್ಲ. ವಿಗ್ರಹ ಇಲ್ಲ ಅಂದರೆ, ಊರ ದೇವತೆಯ ಜಾತ್ರೆಯಲ್ಲಿ ಬಿಟ್ಟಿಯಾಗಿ ಹಲಗೆ ಬಾರಿಸಲ್ಲ. ಸತ್ತ ದನ ತಿನ್ನಲ್ಲ ಅಂದರೆ ನಾಳೆ ಅದನ್ನ ಹೊತ್ತು ಸಾಗಿಸೋದೂ ಇಲ್ಲ ಅಂತಾರೇನೋ ಅನ್ನೋ ಭಯ ರೆಡ್ಡಿಗಳಿಗೆ. ಊರಿನವರಿಗೆ ಇದು ಚೆನ್ನಾಗಿ ಅರ್ಥ ಆಯ್ತು. ಬಾವಿ ಮುಚ್ಚಿದರು, ಸುಳ್ಳು ಕೇಸು ಹಾಕಿದರು, ದನ ಮೇಯೋಕೆ ಬಿಡಲಿಲ್ಲ, ಹೊಡೆದರು. ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ ಅಂತ ಹೇಳೋ ಅರವತ್ತು ವರ್ಷ ಮೊದಲೇ ಒಂಗೋಲಿನ ಮಾದಿಗರು ಈ ಹೊಡೆತ ತಿಂದಿದ್ದರು.

ಆಮೇಲೆ ಬಂತು 1876-78ರ ಬರ. ನಮ್ಮ ಬಳ್ಳಾರಿ, ಮೈಸೂರು ಸೀಮೆಯಲ್ಲೂ ಲಕ್ಷಾಂತರ ಜನ ಸತ್ತ ಅದೇ ಬರ. ಸರ್ಕಾರ ಬಕಿಂಗ್‌ಹ್ಯಾಮ್ ಕಾಲುವೆ ತೋಡಿಸೋ ಪರಿಹಾರ ಕಾಮಗಾರಿ ಶುರು ಮಾಡಿತು. ಬೇರೆ ಗುತ್ತಿಗೆದಾರರ ಹತ್ತಿರ ಮಾದಿಗರಿಗೆ ಬೈಗುಳ, ಕೂಲಿ ಮೋಸ. ಕ್ಲಫ್ ಮೂರು ಮೈಲಿ ಚಿಲ್ಲರೆ ಕಾಲುವೆಯ ಗುತ್ತಿಗೆ ತಾನೇ ಹಿಡಿದ. ಪೇರಯ್ಯನಂಥ ಮಾದಿಗ ಬೋಧಕರೇ ಮೇಸ್ತ್ರಿಗಳು. ಹಗಲು ಮಣ್ಣು ಹೊರೋದು, ರಾತ್ರಿ ಕೂತು ಮಾತು. ಜನ ದೀಕ್ಷಾಸ್ನಾನ ಕೊಡಿ ಅಂತ ಕೇಳಿದರು. ಕ್ಲಫ್ ಕೊಡಲಿಲ್ಲ! ಹೊಟ್ಟೆಪಾಡಿಗೆ ಬಂದವರು ಅಂತ ಲೋಕ ಅಂದೀತು ಅಂತ, ಬರದ ಕೆಲಸ ನಡೆಯುವ ತನಕ ಒಂದು ವರ್ಷಕ್ಕೂ ಮೇಲೆ ನಿಲ್ಲಿಸಿದ. ಪರಿಹಾರದ ಹಣ ಮುಗಿದ ಮೇಲೂ ಜನ ಬಿಡಲಿಲ್ಲ. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ನೀರಿಗಿಳಿದರು. ದೀಕ್ಷೆ ಕೊಟ್ಟವರೂ ಬಹುಪಾಲು ನಮ್ಮವರೇ ಆದ ಬೋಧಕರು, ಇಬ್ಬಿಬ್ಬರಾಗಿ ನೀರಲ್ಲಿ ನಿಂತು, ಸರದಿ ಮೇಲೆ.

ಹಸಿವು ಇರಲಿಲ್ಲ ಅಂತ ನಾನು ಹೇಳಲ್ಲ. ಇತ್ತು. ಹಸಿದವನು, ತನ್ನ ಜೊತೆ ಮನುಷ್ಯನ ಹಾಗೆ ನಡ್ಕೊಂಡವನ ಕಡೆ ಹೋದರೆ ಅದರಲ್ಲಿ ನಾಚಿಕೆ ಏನು? ಅಗ್ರಹಾರ, ಉಂಬಳಿ ಸಿಗುತ್ತೆ ಅಂತ ರಾಜನ ದೇವರನ್ನ ತಮ್ಮ ದೇವರು ಅಂದವರನ್ನ ಯಾರೂ 'ಅಕ್ಕಿ ಭಕ್ತರು' ಅನ್ನಲ್ಲ.

ಇದು ಒಂಗೋಲಿನ ಒಂದು ಅಪವಾದ ಅಂದ್ಕೋಬೇಡಿ. ಪಂಜಾಬಿನ ಸಿಯಾಲ್‌ಕೋಟ್ ಕಡೆ 1873ರಲ್ಲಿ ದಿತ್ತ್ ಅನ್ನೋ ಚೂಹ್ರಾ ಸಮುದಾಯದವನು, ಕಾಲು ಕುಂಟ, ಅವನೂ ತೊಗಲು ವ್ಯಾಪಾರಿ, ಪಾದ್ರಿಯ ಹತ್ತಿರ ಬಂದು ದೀಕ್ಷೆ ಕೇಳಿದ. ಪಾದ್ರಿಗೆ ಅನುಮಾನ. ಇಷ್ಟು ಬೇಗ ಹೇಗೆ, ಇವನಿಗೆ ಏನು ಗೊತ್ತು? ಕೊನೆಗೆ, ಕೊಡದೇ ಇರೋಕೆ ಕಾರಣ ಸಿಗಲಿಲ್ಲ ಅಂತ ಕೊಟ್ಟ. ಆಯ್ತು, ಇಲ್ಲೇ ಇರು ಅಂದರೆ ದಿತ್ತ್ ಇಲ್ಲ ಅಂದ. ಊರಿಗೆ ಹೋಗ್ತೀನಿ ಅಂದ. ಹೋದ, ಬೈಸಿಕೊಂಡ, ಕೆಲವು ತಿಂಗಳಲ್ಲೇ ಹೆಂಡತಿ, ಮಗಳು, ನೆರೆಯವರನ್ನ ನಡೆಸಿಕೊಂಡು ವಾಪಸ್ ಬಂದ. ಮುಂದೆ ಕೆಲವೇ ದಶಕಗಳಲ್ಲಿ ಆ ಜಿಲ್ಲೆಯ ಚೂಹ್ರಾಗಳು ಹೆಚ್ಚುಕಡಿಮೆ ಪೂರ್ತಿ ಕ್ರೈಸ್ತರಾದರು. ಇವತ್ತಿನ ಪಾಕಿಸ್ತಾನದ ಕ್ರೈಸ್ತರಲ್ಲಿ ದೊಡ್ಡ ಪಾಲು ಅವರ ಸಂತತಿ, ಇವತ್ತಿಗೂ ಅಲ್ಲಿ ಚರಂಡಿಗೆ ಇಳಿಸೋದು ಅವರನ್ನೇ. ದಿತ್ತ್, ಪೇರಯ್ಯ ಇಬ್ಬರೂ ಒಬ್ಬರನ್ನೊಬ್ಬರು ಕೇಳಿದವರೂ ಅಲ್ಲ. ಇಬ್ಬರೂ ಚರ್ಮ ಹೊತ್ತವರು, ಇಬ್ಬರೂ ಕಾಂಪೌಂಡಿನಲ್ಲಿ ಉಳಿಯದೆ ಕೇರಿಗೆ ವಾಪಸಾದವರು.

ಕರ್ನಾಟಕಕ್ಕೆ ಬಂದರೆ ಚಿತ್ರ ಒಂದೇ ಥರ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜಾತಿಯ ವಿಷಯದಲ್ಲಿ ಗಟ್ಟಿ, ಆದರೆ ಅಲ್ಲಿ ಸೇರಿದವರು ಹೆಚ್ಚಾಗಿ ಬಿಲ್ಲವರು. ಊರು ಬಿಡಿಸಿದವರಿಗೆ ಅನ್ನ ಬೇಕಲ್ಲ, ಅದಕ್ಕೇ ನೇಯ್ಗೆ, ಹಂಚಿನ ಕಾರ್ಖಾನೆ ಬಂದವು. 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗ್ ಅಂದರೆ ನಮಗೆ ಮೊದಲ ಕನ್ನಡ ಪತ್ರಿಕೆ ನೆನಪಾಗುತ್ತೆ, ಶಾಲೆಯಲ್ಲಿ ಅಷ್ಟೇ ಹೇಳಿಕೊಡ್ತಾರೆ. ಅವನು 1850ರ ದಶಕದಲ್ಲಿ ಕೊಡಗಿಗೆ ಹೋಗಿ, ಭೂಮಿಯ ಜೊತೆ ಸೇರಿಸಿ ಲೆಕ್ಕ ಹಾಕ್ತಿದ್ದ ಜೀತದ ಹೊಲೆಯರ ನಡುವೆ ಕೆಲಸ ಮಾಡಿದ್ದು, ಆನಂದಪುರ ಅನ್ನೋ ಊರು ಅವರಿಗಾಗಿ ಎದ್ದದ್ದು ಎಷ್ಟು ಜನಕ್ಕೆ ಗೊತ್ತು? ಇನ್ನು ಬೀದರ್, ಆಗ ನಿಜಾಮನ ರಾಜ್ಯ. ಅಲ್ಲಿ ಅಮೆರಿಕದ ಮೆಥಡಿಸ್ಟರ ಸಭೆ ಬೆಳೆದದ್ದು ಮಾದಿಗರಿಂದ. ಒಂಗೋಲಿನ ಹಾಗೇ ಬಂಧುಬಳಗದ ದಾರಿಯಲ್ಲಿ, ಒಂದು ಕೇರಿಯಿಂದ ಇನ್ನೊಂದು ಕೇರಿಗೆ.

ನಮ್ಮವ್ವನ ಮುತ್ಯಾನ ಬಗ್ಗೆ ಮನೆಯಲ್ಲಿ ಒಂದು ಮಾತು ನಡೆದುಬಂದಿದೆ. ಅವನು ಸಭೆ ಸೇರಿದ ದಿನ ಹಲಗಿಯನ್ನ ತೊಲೆಗೆ ನೇತುಹಾಕಿದನಂತೆ. ಮತ್ತೆ ಇಳಿಸಲಿಲ್ಲ. ಗೌಡರು ಹೇಳಿಕಳಿಸಿದರು, ಹೋಗಲಿಲ್ಲ. ಇಲಿ ಕಡಿದು ಆ ಹಲಗಿ ಹಾಳಾಯ್ತು.

ಈ ಹಲಗಿ ವಿಷಯ ನನ್ನನ್ನ ಬಹಳ ಕಾಡಿದೆ. ಚಿಕ್ಕವನಿದ್ದಾಗ ದೊಡ್ಡವ್ವನ ಸಭೆಯಲ್ಲಿ ಹಾರ್ಮೋನಿಯಂ ಇತ್ತು, ತಬಲಾ ಇತ್ತು, ಆಮೇಲೆ ಕೀಬೋರ್ಡ್ ಬಂತು. ಹಲಗಿ ಮಾತ್ರ ಇಲ್ಲ. "ಅದು ಸೈತಾನಂದು" ಅಂತಿದ್ದರು ಒಬ್ಬ ಅಯ್ಯನವರು. ನನಗೆ ಕಾಲೇಜಿಗೆ ಬಂದ ಮೇಲೆ ಕೋಪ. ಸಭೆ ನಮ್ಮ ಸಂಸ್ಕೃತಿ ಕೊಂದಿತು ಅಂತ ಭಾಷಣ ಕೂಡ ಮಾಡಿದ್ದೀನಿ. ಈಗ ಅಷ್ಟು ಸಲೀಸಾಗಿ ಹೇಳೋಕೆ ಆಗಲ್ಲ. ಮುತ್ಯಾನಿಗೆ ಹಲಗಿ ಅಂದರೆ ಸಂಸ್ಕೃತಿ ಅಲ್ಲ, ಗೌಡರ ಹೆಣದ ಮುಂದೆ ಬಿಟ್ಟಿ ಬಾರಿಸೋ ಚಾಕರಿ. ಅವನು ನೇತುಹಾಕಿದ್ದು ಆ ಚಾಕರಿಯನ್ನ. ಹಾಗೇ, ತಮಿಳುನಾಡಿನಲ್ಲಿ ಥಿಯಾಫಿಲಸ್ ಅಪ್ಪಾವು ಮದುರೆಯ ದೈವಶಾಸ್ತ್ರ ಕಾಲೇಜಿನಲ್ಲಿ ಪರೈಯನ್ನ ಆರಾಧನೆಯೊಳಗೆ ತಂದದ್ದೂ, ಸತ್ಯನಾಥನ್ ಕ್ಲಾರ್ಕ್ ಪರೈಯನ್ನೇ ಹಿಡಿದು ದಲಿತರ ಕ್ರಿಸ್ತನ ಬಗ್ಗೆ ಪುಸ್ತಕ ಬರೆದದ್ದೂ ಸರಿಯೇ. ಬಿಟ್ಟವನೂ ಸರಿ, ಎತ್ತಿಕೊಂಡವನೂ ಸರಿ. ತಪ್ಪು ಇರೋದು, ಇಬ್ಬರನ್ನೂ ಕೇಳದೆ "ಸೈತಾನಂದು" ಅಂದವನಲ್ಲಿ.

ಸಭೆ ಹೊಕ್ಕ ಮೇಲೆ ಎಲ್ಲ ಸರಿಹೋಯ್ತಾ? ಇಲ್ಲ, ಮತ್ತೆ ಬಾಗಿಲು ತಟ್ಟೋದೇ. ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಹಿಂದೂ ಆಗಿ ಸಾಯಲ್ಲ ಅಂದ ಮೇಲೆ ಎಲ್ಲ ಮತದವರೂ ಅವರ ಕಡೆ ನೋಡಿದರು, ಕ್ರೈಸ್ತರೂ ನೋಡಿದರು. ಮತಾಂತರ ಹೊಂದಿದ ಅಸ್ಪೃಶ್ಯರ ಸ್ಥಿತಿ ಬಗ್ಗೆ ಅವರು ಬರೆದದ್ದು ಬಹಳ ಖಾರ. ಮಿಷನ್‌ಗಳ ದುಡ್ಡು ಶಾಲೆ, ಆಸ್ಪತ್ರೆಗೆ ಹೋಯ್ತು, ಅದರ ಲಾಭ ಮೇಲ್ಜಾತಿ ಹಿಂದೂಗಳಿಗೆ. ಕ್ರೈಸ್ತನಾದ ಅಸ್ಪೃಶ್ಯ ಜಾತಿಯನ್ನ ಹೊತ್ತುಕೊಂಡೇ ಸಭೆಯೊಳಗೆ ಹೋದ. ತನ್ನ ಮೇಲಿನ ಅನ್ಯಾಯದ ಬಗ್ಗೆ ಸುಮ್ಮನಾದ. ನಾವು ಈ ಮಾತನ್ನ ಕ್ರೈಸ್ತರ ಮೇಲೆ ಎಸೆಯೋಕೆ ಬಳಸ್ತೀವಿ. ಅದು ನಮ್ಮವರ ಪರವಾಗಿ ಸಭೆಯ ಮೇಲೆ ಹಾಕಿದ ದೂರು ಅನ್ನೋದು ಮರೀತೀವಿ.

ಆ ದೂರಿಗೆ ಸಭೆಯೊಳಗಿಂದ ಒಂದು ಉತ್ತರ ಬಂದದ್ದು ಬೆಂಗಳೂರಿನಲ್ಲಿ. 1981ರಲ್ಲಿ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಬಗ್ಗೆ ಒಂದು ಭಾಷಣ ಮಾಡಿದರು. ದಲಿತ ದೈವಶಾಸ್ತ್ರ ಅಂತ ಇವತ್ತು ಕರೆಯೋದು ಅಲ್ಲಿಂದ ಹೊರಟದ್ದು. ಅವರ ಪ್ರಶ್ನೆ ನೇರ: ಸಭೆಯ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚು ಪಾಲು ದಲಿತರು, ಆದರೆ ಪುಸ್ತಕದಲ್ಲಿರೋ ಭಾರತೀಯ ಕ್ರೈಸ್ತ ಚಿಂತನೆ ಎಲ್ಲಾ ವೇದಾಂತದ ಜೊತೆ ಬ್ರಾಹ್ಮಣ ಮತಾಂತರಿಗಳು ನಡೆಸಿದ ಸಂವಾದ. ನಮ್ಮ ಗೋಳು ಎಲ್ಲಿ? ನೊಬಿಲಿಯಿಂದ ಹಿಡಿದು 375 ವರ್ಷ ಬೇಕಾಯ್ತು ಈ ಪ್ರಶ್ನೆ ಕಾಲೇಜಿನ ವೇದಿಕೆ ಹತ್ತೋಕೆ.

ಮುಂದೆಯೂ ಸಲೀಸಲ್ಲ. 2008ರ ಮಾರ್ಚ್‌ನಲ್ಲಿ ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ಎರೈಯೂರಿನಲ್ಲಿ ದಲಿತ ಕ್ಯಾಥೊಲಿಕರು ಸಮಪಾಲು ಕೊಡಿ, ಇಲ್ಲ ನಮಗೆ ಬೇರೆ ಧರ್ಮಕೇಂದ್ರ ಕೊಡಿ ಅಂದಾಗ ವನ್ನಿಯ ಕ್ಯಾಥೊಲಿಕರು ಅವರ ಮನೆಗಳ ಮೇಲೆ ಬಿದ್ದರು. ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಸತ್ತರು. 1744ರ ಬೇರೆ ಪಾದ್ರಿ ಕಥೆ ನೆನಪಿದೆಯಲ್ಲ? ಆಗ ಮೇಲಿನವರು ನಮ್ಮನ್ನ ಬೇರೆ ಇಟ್ಟರು. ಈಗ ಬೇಸತ್ತು ನಾವೇ ಬೇರೆ ಕೊಡಿ ಅಂದರೂ ಹೊಡೆತ. 2016ರ ಡಿಸೆಂಬರ್‌ನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನ ದಲಿತ ಸಬಲೀಕರಣದ ನೀತಿ ಅಂತ ಹೊರಡಿಸಿ, ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಬರಹದಲ್ಲೇ ಒಪ್ಪಿಕೊಂಡಿತು. 2022ರಲ್ಲಿ ಹೈದರಾಬಾದಿನ ಆರ್ಚ್‌ಬಿಷಪ್ ಆಂಟನಿ ಪೂಲಾ ಮೊದಲ ದಲಿತ ಕಾರ್ಡಿನಲ್ ಆದರು. ಸಂತೋಷ. ಆದರೆ ಒಪ್ಪಿಗೆಪತ್ರ, ಕೆಂಪು ಟೋಪಿ ಕೇರಿಗೆ ಮುಟ್ಟೋಕೆ ಎಷ್ಟು ದಿನ?

ನನ್ನದೇ ಒಂದು ಅನುಭವ. ದೊಡ್ಡವ್ವನನ್ನ ಕಣ್ಣಿನ ಆಪರೇಷನ್‌ಗೆ ಒಂದು ದೊಡ್ಡ ಊರಿಗೆ ಕರ್ಕೊಂಡು ಹೋಗಿದ್ದೆ. ಭಾನುವಾರ ಚರ್ಚಿಗೆ ಹೋಗಲೇಬೇಕು ಅಂದಳು. ಹೋದೆವು. ಆರಾಧನೆ ಮುಗಿದು ಚಹಾ ಕುಡಿಯುವಾಗ ಒಬ್ಬ ಹೆಣ್ಣುಮಗಳು ಬಹಳ ಪ್ರೀತಿಯಿಂದ ಮಾತಾಡಿಸಿದರು. ಯಾವ ಊರು, ಎಷ್ಟು ಮಕ್ಕಳು. ಆಮೇಲೆ ದನಿ ತಗ್ಗಿಸಿ, "ಒರಿಜಿನಲ್ ಆಗಿ ನೀವು ಏನು?" ದೊಡ್ಡವ್ವನಿಗೆ ಇಂಗ್ಲಿಷ್ ಪದ ಅರ್ಥ ಆಗಲಿಲ್ಲ, ನನ್ನ ಮುಖ ನೋಡಿದಳು. ನಾನು ಹೇಳಿದೆ. ಅವರು ನಕ್ಕು, ಕಪ್ ಇಟ್ಟು, ಇನ್ಯಾರನ್ನೋ ಮಾತಾಡಿಸೋಕೆ ಹೋದರು. ಅಷ್ಟೇ. ಯಾರೂ ಬೈಯಲಿಲ್ಲ.

ಈ ಒರಿಜಿನಲ್ ಪ್ರಶ್ನೆಗೆ ಸರ್ಕಾರದ ಉತ್ತರ ಮಾತ್ರ ಉಲ್ಟಾ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ, ಅಂದರೆ ನನ್ನಂಥವರನ್ನ. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಇನ್ನೂ ಹೊರಗೆ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಪ್ಯಾರಾ ತೆಗೆಯಿರಿ ಅಂತ ವರದಿ ಕೊಟ್ಟಿತು, ಕಪಾಟು ಸೇರಿತು. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದು ನೇಮಿಸಿದರು. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರನ್ನ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ ಇಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ. ಹೊಡೆಯುವವನಿಗೆ ದೊಡ್ಡವ್ವ ಮಾದಿಗಿತ್ತಿ. ಠಾಣೆಯಲ್ಲಿ ಅವಳು ಮಾದಿಗಿತ್ತಿ ಅಲ್ಲ.

ಹಾಗಾಗಿ ಆ ವಾಟ್ಸಾಪ್ ತಮ್ಮನಿಗೆ ಇಷ್ಟು ಹೇಳ್ತೀನಿ. ಪಾಲು ಹಂಚೋ ಪ್ರಶ್ನೆ ಇದೆ, ಅದು ನಿಜವಾದ ಪ್ರಶ್ನೆ, ಒಳಮೀಸಲಾತಿಯಲ್ಲಿ ನಾವು ಮೂವತ್ತು ವರ್ಷ ಹೊಡೆದಾಡಿ ಕಲಿತದ್ದೇ ಅದು. ಕೂತು ಮಾತಾಡೋಣ. ತೆಲುಗು ನಾಡಿನ ಸಭೆಗಳಲ್ಲೂ ಇದು ಮಾಲರ ಸಭೆ, ಅದು ಮಾದಿಗರ ಸಭೆ ಅಂತ ನಮ್ಮವರೇ ಗೋಡೆ ಎಬ್ಬಿಸಿದ್ದಾರೆ, ಆ ಮಾತೂ ಆಡೋಣ. ಆದರೆ ಪೇರಯ್ಯನನ್ನ ಭಿಕ್ಷುಕ ಮಾಡಿ ಆ ಮಾತು ಶುರು ಮಾಡಬೇಡ.

ಕೊನೆಗೆ ಒಂದು ಕೆಲಸ ಕೇಳ್ತೀನಿ. ಹಳೇ ಸಭೆಗಳಲ್ಲಿ ದೀಕ್ಷಾಸ್ನಾನದ ರಿಜಿಸ್ಟರ್ ಇರ್ತಾವೆ. ಗೆದ್ದಲು ತಿನ್ನೋ ಮೊದಲು ಅವನ್ನ ಫೋಟೋ ತೆಗೆಯಿರಿ, ಅಯ್ಯನವರನ್ನ ಕೇಳಿದರೆ ಬಹಳ ಜನ ತೋರಿಸ್ತಾರೆ. ಅದಕ್ಕಿಂತ ಮೊದಲು ಮನೆಯ ಮುದುಕಿಯರನ್ನ ಕೇಳಿ. ನಿಮ್ಮ ಕೇರಿಯಿಂದ ಮೊದಲು ಹೋದವರು ಯಾರು? ಯಾವ ಊರಿಗೆ ನಡೆದು ಹೋದರು? ಯಾಕೆ ಹೋದರು? ಯಾರು ಹೋಗಬೇಡ ಅಂದರು? ಹೆಸರು ಗೊತ್ತಿದ್ದರೆ ಕಾಮೆಂಟಿನಲ್ಲಿ ಬರೀರಿ, ಕೂಡಿಡ್ತೀನಿ.

ಅಂದಹಾಗೆ ಆ ಮೇಷ್ಟ್ರು ದೊಡ್ಡವ್ವ ಕೊಟ್ಟ ಚಹಾ ಕುಡಿದರು. ಎಷ್ಟೋ ವರ್ಷದಲ್ಲಿ ಆ ಜಾತಿಯ ಮೇಷ್ಟ್ರೊಬ್ಬರು ನಮ್ಮ ಕಟ್ಟೆ ಮೇಲೆ ಕೂತು ಚಹಾ ಕುಡಿದದ್ದು ಅದೇ ಮೊದಲು ಅಂತ ಅವಳಿಗೆ ಖುಷಿ. ಮೊಬೈಲಿನಲ್ಲಿ ಅವರು ಕೊನೆಗೆ ಏನು ಒತ್ತಿದರೋ ನನಗೆ ಕಾಣಲಿಲ್ಲ. "ಎರಡೂ ಬರದಿ ಇಲ್ಲೋ?" ಅಂತ ದೊಡ್ಡವ್ವ ಬಾಗಿಲ ತನಕ ಹೋಗಿ ಕೇಳಿದಳು. "ಬರದೀನ್ರಿ ಅವ್ವಾ" ಅಂದು ಅವರು ಪಕ್ಕದ ಮನೆಗೆ ಹೋದರು.